ಕ್ರಿಸ್‌ಮಸ್ ಹಾಡುಗಳ ತಯಾರಿ: ಇಲ್ಲಿಯವರೆಗೆ ಆಗಿದ್ದು

ನವೆಂಬರ್ 9, ಭಾನುವಾರ

ಈ ಸಲದ ಕ್ರಿಸ್‌ಮಸ್ ಹಾಡುಗಳು ನನ್ನ ತಲೆಗೆ ಬಂದಿವೆ. ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಸಭಾಪಾಲಕರು (ಪಾಸ್ಟರ್) ಕರೆದು, "ಹಿರಿಯರೂ ಹಾಡಬೇಕು, ಯೌವನಸ್ಥರೂ ಹಾಡಬೇಕು. ಹೆಂಗ್ ಮಾಡ್ತೀಯೋ ನೋಡಪ್ಪ" ಅಂದರು. ಹೋದ ವರ್ಷ ಮೊದಲರ್ಧ ಕ್ವಾಯರ್, ಆಮೇಲೆ ಬ್ಯಾಂಡ್ ಅಂತ ಹಂಚಿದ್ದೆವು. ಡ್ರಮ್ ಶುರುವಾದ ಕೂಡಲೇ ಹಿಂದಿನ ಮೂರು ಸಾಲು ಬಾಯಿ ಮುಚ್ಚಿತು. ಹಾಗಾಗಿ ಈ ಸಲ ಹಂಚುವುದಿಲ್ಲ, ಬೆರೆಸುವುದು. ಹಳೆಯ ಕ್ಯಾರಲ್ (ಕ್ರಿಸ್‌ಮಸ್ ಗೀತೆ) ನಾಲ್ಕು, ಹೊಸ ವರ್ಷಿಪ್ (ಆರಾಧನೆ) ಹಾಡು ಎರಡು.

ನವೆಂಬರ್ 15, ಶನಿವಾರ

ಮೊದಲ ಪ್ರಾಕ್ಟೀಸ್. ಕೀಬೋರ್ಡ್ ನುಡಿಸುವವನದು ಮಂಡಿಪೇಟೆಯಲ್ಲಿ ಅಂಗಡಿ. ಬಾಗಿಲು ಹಾಕಿ ಬರುವಷ್ಟರಲ್ಲಿ ಎಂಟು ಗಂಟೆ.

ಹೊಸ ಹಾಡು ಯಾಕೆ ಯಾರಿಗೂ ಬರುವುದಿಲ್ಲ ಅನ್ನೋದು ಇವತ್ತು ಗೊತ್ತಾಯಿತು. ಹಳೆಯದು, ಹೊಸದು ಅನ್ನೋ ಜಗಳವೇ ಅಲ್ಲ. ಮೊಬೈಲಲ್ಲಿ ಕೇಳುವ ರೆಕಾರ್ಡಿಂಗ್ 'ಎಫ್' ಶ್ರುತಿಯಲ್ಲಿದೆ. ಹಾಡಿದವನದು ಎತ್ತರದ ಗಂಟಲು. ಪಲ್ಲವಿ ಮೇಲಿನ 'ಎಫ್'ವರೆಗೆ ಹೋಗುತ್ತದೆ. ಬೆಳಗ್ಗೆ ಎಂಟೂವರೆ ಆರಾಧನೆಗೆ ಕಾಫಿ ಕುಡಿದು ಬಂದ ನಮ್ಮ ಜನರ ಗಂಟಲು ಮೇಲಿನ 'ಡಿ'ವರೆಗೆ ಹೋದರೆ ಅದೇ ದೊಡ್ಡದು. ಕೀಬೋರ್ಡಲ್ಲಿ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಬಟನ್) ಮೈನಸ್ ಮೂರು ಒತ್ತಿದೆವು, ಅಂದರೆ ಮೂರು ಅರ್ಧ ಸ್ವರ ಕೆಳಗೆ. 'ಡಿ' ಆಯಿತು. ಅಲ್ಲೇ ಬೆಂಚಿನ ಮೇಲೆ ಮಗುವನ್ನು ತಟ್ಟುತ್ತಾ ಕೂತಿದ್ದ ಅಕ್ಕ ತಾನೇ ಹಾಡಲು ಶುರು ಮಾಡಿದರು!

'ಸೈಲೆಂಟ್ ನೈಟ್' ನಮ್ಮಲ್ಲಿ ಬಿ-ಫ್ಲಾಟ್. ಗಿಟಾರ್ ಹುಡುಗ ಮುಖ ಸಿಂಡರಿಸಿದ. ಅರ್ಧ ಸ್ವರ ಇಳಿಸಿ 'ಎ' ಮಾಡಿ, ಎರಡನೇ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಅವನಿಗೆ ಸುಲಭ. ಬೇಸ್ (ತಗ್ಗು ದನಿ) ಹಾಡುವ ಅಂಕಲ್ ಗಿಟಾರ್‌ಗೋಸ್ಕರ ಶ್ರುತಿ ಬದಲಿಸಲು ಒಪ್ಪಲಿಲ್ಲ. ನಾನು 1818ರ ಕಥೆ ಹೇಳಿದೆ. ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಊರಿನಲ್ಲಿ ಡಿಸೆಂಬರ್ 24ರ ರಾತ್ರಿ ಈ ಹಾಡನ್ನು ಮೊದಲ ಸಲ ಹಾಡಿದ್ದೇ ಗಿಟಾರ್ ಜೊತೆ. ಪದ ಬರೆದ ಜೋಸೆಫ್ ಮೋರ್ ಪಾದ್ರಿ, ರಾಗ ಹಾಕಿದ ಗ್ರೂಬರ್ ಶಾಲಾ ಮೇಷ್ಟ್ರು. ಅಂಕಲ್ ಪೂರ್ತಿ ಕೇಳಿಸಿಕೊಂಡು, "ಗಿಟಾರ್ ಇರ್ಲಿ ಬಿಡು, ಡ್ರಮ್ ಇರ್ಲಿಲ್ಲ ಅಲ್ವಾ?" ಅಂದರು. ಡ್ರಮ್ ಬಿಟ್ಟೆವು.

ನವೆಂಬರ್ 22, ಶನಿವಾರ

ಡ್ರಮ್ ಬದಲು ತಬಲಾ. ನುಡಿಸುವವರು ನಮ್ಮ ಪಕ್ಕದ ಮನೆಯ ಮೇಷ್ಟ್ರು, ಭಜನೆ ಮಂಡಳಿಯವರು. 'ಜಾಯ್ ಟು ದಿ ವರ್ಲ್ಡ್' ಮೊದಲ ಸಾಲು ಕೇಳಿ ನಕ್ಕರು. "ಇದು ಬಿಲಾವಲ್ ಅವರೋಹಣ ಅಲ್ವೇನ್ರೀ?" ಹೌದು. ಆ ಹಿಂದೂಸ್ತಾನಿ ರಾಗದ ಹಾಗೆಯೇ ಮೇಲಿನ 'ಸ'ದಿಂದ ಕೆಳಗಿನ 'ಸ'ದವರೆಗೆ ಎಂಟೂ ಸ್ವರ ಮೆಟ್ಟಿಲು ಇಳಿದ ಹಾಗೆ ಇವೆ. ಇಷ್ಟು ವರ್ಷ ಹಾಡಿದ್ದೇನೆ, ನನಗೇ ಹೊಳೆದಿರಲಿಲ್ಲ.

ತೊಡಕಾಗಿದ್ದು ಹಾಡಿನಿಂದ ಹಾಡಿಗೆ ದಾಟುವಲ್ಲಿ. 'ಸೈಲೆಂಟ್ ನೈಟ್' ಆರು ಮಾತ್ರೆ, ದಾದ್ರಾ ತಾಳ. ಹೊಸ ಹಾಡು ನಾಲ್ಕರ ನಡೆ, ಕೆಹರ್ವಾ ತಾಳ. ನಿಲ್ಲಿಸದೆ ದಾಟಲು ಹೋಗಿ ಒಬ್ಬರು ಹರಿಹರದಲ್ಲಿ, ಒಬ್ಬರು ದಾವಣಗೆರೆಯಲ್ಲಿ. ಐದು ಸಲ ಹೀಗೇ ಆಯಿತು. ಕೊನೆಗೆ ತಬಲಾ ಪೂರ್ತಿ ನಿಲ್ಲಿಸಿದೆವು. ಕ್ಯಾರಲ್‌ನ ಕೊನೆಯ ಸಾಲು ಬರೀ ಧ್ವನಿಯಲ್ಲಿ. ಅದು ಮುಗಿಯುವಾಗ ಕೀಬೋರ್ಡ್ 'ಎ ಸೆವೆಂತ್' ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿದು ನಿಲ್ಲುತ್ತದೆ. ಆ ಕಾರ್ಡ್‌ಗೆ ತಾನಾಗಿಯೇ 'ಡಿ' ಕಡೆಗೆ ಎಳೆತ ಇದೆ, ಹೊಸ ಹಾಡು ಇರುವುದೂ ಅಲ್ಲೇ. ಮೇಷ್ಟ್ರು ನಿಧಾನಕ್ಕೆ ನಾಲ್ಕು ಎಣಿಸುತ್ತಾರೆ. ಅದರ ಹಿಂದೆಯೇ 'ಜಾಯ್ ಟು ದಿ ವರ್ಲ್ಡ್', ಅದೂ 'ಡಿ'ಯೇ. ಮೂರು ಹಾಡು ಒಂದೇ ಉಸಿರಿಗೆ ಬಂದವು. ಆ ಖುಷಿಗೆ ಎಲ್ಲರಿಗೂ ಮಂಡಕ್ಕಿ ಮಿರ್ಚಿ, ದುಡ್ಡು ನನ್ನದು.

ನವೆಂಬರ್ 30, ಅಡ್ವೆಂಟ್ (ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ಕಾಲ) ಮೊದಲ ಭಾನುವಾರ

ಹೊಸ ಹಾಡಿನ ಕನ್ನಡ ಪದಗಳು ನಮ್ಮ ಹುಡುಗರದೇ. "ನಿನ್ನ ಬಲವೇ ನನಗೆ ಸಾಕು" ಅಂತ ಒಂದು ಸಾಲು. ಓದಲು ಚೆನ್ನಾಗಿದೆ. ಆದರೆ 'ಬ' ಬೀಳುವ ಜಾಗದಲ್ಲಿ ರಾಗ ಎರಡು ಮಾತ್ರೆ ಎಳೆಯುತ್ತದೆ. ಹಾಡಿದಾಗ "ನಿನ್ನ ಬಾಲವೇ ನನಗೆ ಸಾಕು" ಆಯಿತು. ಸಂಡೇ ಸ್ಕೂಲ್ ಮಕ್ಕಳು ಬಿದ್ದು ಬಿದ್ದು ನಕ್ಕರು. ದೊಡ್ಡವರೂ ನಕ್ಕರು, ಪುಸ್ತಕ ಅಡ್ಡ ಹಿಡಿದುಕೊಂಡು.

ಹೈಸ್ಕೂಲಿನ ಗುರು ಲಘು ಪಾಠ ಈಗ ಕೆಲಸಕ್ಕೆ ಬಂತು. ಲಘುವನ್ನು ಎಳೆದರೆ ಅರ್ಥವೇ ಬದಲಾಗುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ ಸಹಜ. "ನಿನ್ನ ಶಕ್ತಿಯೇ" ಮಾಡಿದೆವು. ಸರಿಯಾಗಿ ಕೂತಿತು. ಕಿಟೆಲ್ ಸಾಹೇಬರು ನಿಘಂಟಿಗಿಂತ ಮೊದಲೇ, 1875ರಲ್ಲಿ, ನಾಗವರ್ಮನ ಛಂದಸ್ಸಿನ ಪುಸ್ತಕ ಅಚ್ಚು ಮಾಡಿಸಿದ್ದು ಸುಮ್ನೆ ಅಲ್ಲ ಅನ್ನಿಸಿತು. ಈಗ ಎರಡೂ ಹಾಡುಗಳ ಪ್ರತಿ ಸಾಲಿಗೂ ಪೆನ್ಸಿಲ್ಲಲ್ಲಿ ಪ್ರಸ್ತಾರ (ಗುರು ಲಘು ಗುರುತು) ಹಾಕುತ್ತಿದ್ದೇನೆ. ಇನ್ನೂ ನಾಲ್ಕು ಕಡೆ ತಪ್ಪು ಸಿಕ್ಕಿದೆ.

ಡಿಸೆಂಬರ್ 6, ಶನಿವಾರ

ಎರಡನೇ ಹೊಸ ಹಾಡನ್ನು ಕೈಬಿಟ್ಟೆ. ಬ್ರಿಡ್ಜ್ ಭಾಗವನ್ನು (ಹಾಡಿನ ನಡುವೆ ಬೇರೆ ಧಾಟಿಯಲ್ಲಿ ಬರುವ ಸಾಲುಗಳು) ಎಂಟು ಸಲ ಹಾಡುವುದಿದೆ, ಮೂರನೇ ಸಲಕ್ಕೇ ಜನ ಗಡಿಯಾರ ನೋಡುತ್ತಾರೆ. ಹುಡುಗರಿಗೆ ಬೇಜಾರು. ಕ್ಯಾರಲ್ ರೌಂಡ್ಸ್‌ನಲ್ಲಿ ಮನೆ ಮನೆಗೆ ಹೋದಾಗ ಅದನ್ನೇ ಹಾಡಿ ಅಂದೆ. ಸ್ವಲ್ಪ ಸಮಾಧಾನ ಆಯಿತು.

ತಬಲಾ ಮೇಷ್ಟ್ರಿಗೆ ಮುಂದಿನ ವಾರ ಮದುವೆ ಆರ್ಕೆಸ್ಟ್ರಾ ಇದೆಯಂತೆ. "ಧನುರ್ಮಾಸ ಬರ್ಲಿ, ಮದುವೆ ನಿಲ್ತವೆ. ಆಮೇಲೆ ಸಾಯಂಕಾಲ ಪೂರ್ತಿ ನಿಮ್ಮದೇ" ಅಂದಿದ್ದಾರೆ. ಅಲ್ಲಿಯವರೆಗೆ ನಾಲ್ಕು ಎಣಿಸುವ ಕೆಲಸ ಬೇಸ್ ಅಂಕಲ್‌ದು. ಬೆಂಚಿನ ಮೇಲೆ ಬೆರಳಲ್ಲಿ ತಟ್ಟುತ್ತಾರೆ. ಡ್ರಮ್ ಅಲ್ಲವಂತೆ ಅದು.