ಊಟ ಆದ್ಮೇಲೆ ಒಂದು ಮಾತ್ರೆ

ನಿನ್ನೆ ಮನೆಗೆ ಬಂದ ಗೆಳೆಯ ಫ್ರಿಜ್ ಮೇಲಿದ್ದ ಡಬ್ಬಿ ಅಲ್ಲಾಡಿಸಿ, "ಏನೋ ಇದು, ಬಿಪಿ ಮಾತ್ರೆನಾ?" ಅಂದ. ಪ್ರೆಪ್ ಕಣೋ, ಎಚ್‌ಐವಿ ಬರದ ಹಾಗೆ ಮೊದಲೇ ತಗೊಳ್ಳೋದು ಅಂದೆ. ಅವನೂ ಗೇ, ಹತ್ತು ವರ್ಷದಿಂದ ಬೆಂಗಳೂರಲ್ಲೇ ಇದ್ದಾನೆ. ಹೆಸರೇ ಕೇಳಿರಲಿಲ್ಲ! ಅಮೆರಿಕದಲ್ಲಿ 2012ರಲ್ಲೇ ಒಪ್ಪಿಗೆ ಸಿಕ್ಕ ಔಷಧ ಇದು. ತಪ್ಪದೆ ತಗೊಂಡರೆ ಲೈಂಗಿಕ ಸಂಪರ್ಕದಿಂದ ಸೋಂಕು ತಗಲೋ ಅಪಾಯ ಸುಮಾರು 99% ಕಡಿಮೆ. ಶುರು ಮಾಡೋ ಮುಂಚೆ ಎಚ್‌ಐವಿ, ಕಿಡ್ನಿ ಟೆಸ್ಟ್ ಆಗಲೇಬೇಕು. ಆಮೇಲೂ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಟೆಸ್ಟ್. ಸಿಫಿಲಿಸ್ ತಡೆಯಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು.

"ಡಾಕ್ಟರ್ ಹತ್ರ ಏನಂತ ಕೇಳ್ಲೋ?" ಅನ್ನುವಾಗ ಅವನ ದನಿ ಸಣ್ಣಗಾಯ್ತು. ನಾವು ಅಪರಾಧಿಗಳಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕ್ಲಿನಿಕ್ ಬಾಗಿಲಲ್ಲಿ ಆ ಅಂಜಿಕೆ ಮಾತ್ರ ಇನ್ನೂ ನಿಂತಿದೆ. ಶನಿವಾರ ಅವನ ಜೊತೆ ನಾನೂ ಹೋಗ್ತಿದ್ದೀನಿ.