ಕಲ್ಲುರಾಶಿಯ ಕೊಲಂಬೈನ್

ಜುಲೈ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ಕೊಲರಾಡೊದ ಸ್ಯಾನ್ ವಾನ್ ಪರ್ವತಗಳಲ್ಲಿ ಐದು ದಿನ ತಿರುಗಿದೆ. ಬಿಸಿನೀರ ಬುಗ್ಗೆ, ಪೇಟೆ, ಅಂಗಡಿಗಳಲ್ಲಿ ಕಳೆದ ನಾಲ್ಕು ದಿನಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಬರೆಯಬೇಕೆನಿಸಿದ್ದು ಯೂರೇ ಊರಿನ ಮೇಲಿರುವ ಯಾಂಕೀ ಬಾಯ್ ಬೇಸಿನ್ ಎಂಬ ಬೆಟ್ಟದ ಕಣಿವೆಯಲ್ಲಿ ಕಳೆದ ಒಂದು ಬೆಳಗಿನ ಬಗ್ಗೆ ಮಾತ್ರ.

ಕೆಳಗೆ ಆಸ್ಪೆನ್ ಮರಗಳ ತೆಳು ನೆರಳಿನಲ್ಲಿ ಮೊಳಕಾಲೆತ್ತರ ನಿಂತಿದ್ದ ನೀಲಿ ಕೊಲಂಬೈನ್ ಗಿಡಗಳು ನನಗೆ ವಿಶೇಷವೆನಿಸಲಿಲ್ಲ. ಆದರೆ ಸುಮಾರು 11,000 ಅಡಿ ಎತ್ತರದಲ್ಲಿ, ಮರಗಳು ಮುಗಿದು ಬೆಟ್ಟದಿಂದ ಉದುರಿದ ಬರಿಗಲ್ಲುಗಳ ರಾಶಿ ಆರಂಭವಾಗುವಲ್ಲಿ, ಅದೇ ಹೂವು ಗಿಡ್ಡ ಗಿಡಗಳಲ್ಲಿ ಗುಂಪು ಗುಂಪಾಗಿ ಅರಳಿರುವುದನ್ನು ಕಂಡು ನಿಂತುಬಿಟ್ಟೆ. ಹೊರಸುತ್ತಿನಲ್ಲಿ ಐದು ನೀಲಿ ಎಸಳು, ಒಳಸುತ್ತಿನಲ್ಲಿ ಐದು ಬಿಳಿ ಎಸಳು, ಪ್ರತಿ ಬಿಳಿ ಎಸಳಿನ ಹಿಂದೆ ಬೆರಳುದ್ದದ ಸಪೂರ ಬಾಲ. ಮಕರಂದವಿರುವುದು ಆ ಬಾಲದ ತುದಿಯಲ್ಲಿ. ಉದ್ದ ನಾಲಿಗೆಯ ಹಾಕ್‌ಮಾತ್ ಪತಂಗಕ್ಕೆ ಅದು ನಿಲುಕುತ್ತದೆ. ನಿಲುಕದ ದುಂಬಿಗಳಲ್ಲಿ ಕೆಲವು ಬಾಲವನ್ನೇ ಕಚ್ಚಿ ತೂತು ಮಾಡಿ ಕದಿಯುತ್ತವೆ. ಅಂಥ ಒಂದು ತೂತನ್ನು, ಅಂಚು ಕಂದಿದ್ದನ್ನು, ಅಮ್ಮನೇ ಮೊದಲು ಗುರುತಿಸಿದಳು.

ಹೋದ ಮನೆಯಿಂದೆಲ್ಲ ಡೇರೆ ಗಡ್ಡೆಯನ್ನೋ ಗುಲಾಬಿ ಟೊಂಗೆಯನ್ನೋ ತಾರದೆ ಮರಳದ ತೀರ್ಥಹಳ್ಳಿಯ ಹೆಂಗಸು ಅವಳು. "ಒಂದು ಬೇರು ಸಿಕ್ಕಿದರೆ ಸಾಕಿತ್ತು ಕಣೇ" ಎಂದಳು. 1899ರಿಂದ ಇದು ಈ ರಾಜ್ಯದ ಹೂವೆಂದೂ, ಸರ್ಕಾರಿ ನೆಲದಲ್ಲಿ ಗಿಡ ಕೀಳುವುದನ್ನು 1925ರ ಕಾಯ್ದೆ ನಿಷೇಧಿಸಿದೆಯೆಂದೂ ತಿಳಿಸಿದೆ. "ಕೀಳೋದಿಲ್ಲ, ನೋಡ್ತೀನಷ್ಟೆ" ಎಂದವಳು ಕುಕ್ಕರಗಾಲಿನಲ್ಲಿ ಕೂತು ಎರಡು ಕಲ್ಲುಗಳ ನಡುವೆ ಬೆರಳಿಳಿಸಿದಳು.

"ಕೈ ಇಟ್ಟು ನೋಡೇ. ಫ್ರಿಜ್ಜಿನ ನೀರಿನ ಹಾಗಿದೆ."

ಮೇಲೆ ಬಿಸಿಲಿಗೆ ಒಣಗಿ ಬೆಚ್ಚಗಿದ್ದ ಕಲ್ಲಿನ ಅಡಿ ಒಂದು ಗೇಣಿನಲ್ಲೇ ಕಪ್ಪು ಮಣ್ಣು ಒದ್ದೆಯಾಗಿತ್ತು. ಹಿಮ ಕರಗಿದ ನೀರು ಕಲ್ಲುಗಳಡಿ ಜಿನುಗುತ್ತಿತ್ತು, ಆದರೆ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಬಂಡೆಯ ಮೇಲೆ ಬದುಕುವ ಗಟ್ಟಿಗಿತ್ತಿ ಎಂದು ನಾನು ಮೆಚ್ಚಿಕೊಂಡಿದ್ದ ಗಿಡ, ತಾಯಿಬೇರನ್ನು ತಂಪಿಗಿಳಿಸಿ ತಲೆಯನ್ನಷ್ಟೇ ಬಿಸಿಲಿಗೊಡ್ಡಿತ್ತು. ಬೀಜ ಚೆನ್ನಾಗಿ ಮೊಳೆಯಬೇಕಾದರೂ ಮೊದಲು ಕೆಲವು ವಾರ ಒದ್ದೆ ಚಳಿಯಲ್ಲಿರಬೇಕೆಂದಾಗ ಅಮ್ಮ ತಲೆಯಾಡಿಸಿದಳು. "ನಮ್ಮಲ್ಲಿ ನೀರಿಗೇನು ಬರ? ಆದರೆ ಆಷಾಢದ ಮಳೆಗೆ ಬುಡವೇ ಕೊಳೆತುಹೋಗುತ್ತೆ. ಇನ್ನು ಈ ಚಳಿ ಎಲ್ಲಿಂದ ತರೋದು? ಬಿಡು, ಇದು ಇಲ್ಲೇ ಇರಲಿ."

ಹೋಗುವವರಿಗೆ ಒಂದು ಮಾತು: ಬೆಳಗ್ಗೆ ಎಂಟರೊಳಗೆ ಅಲ್ಲಿರಿ. ಬಾಡಿಗೆ ಕಾರಿನವರು "ಯಾವ ದಾರಿಗೂ ಆಗುತ್ತದೆ" ಎಂದು ಕೊಟ್ಟಿದ್ದ ಗಾಡಿಯ ಹೊಟ್ಟೆ ಕಲ್ಲಿಗೆ ತಾಗಿ, ಕೊನೆಯ ಒಂದೂವರೆ ಮೈಲಿಯನ್ನು ಅರವತ್ತೆಂಟರ ಅಮ್ಮ ಏದುಸಿರಿನಲ್ಲಿ ಹತ್ತಬೇಕಾಯಿತು. ಇದರಿಂದ ನಾವು ತಲುಪಿದ್ದೇ ಹನ್ನೊಂದಕ್ಕೆ. ಹನ್ನೆರಡಕ್ಕೆಲ್ಲ ಗುಡುಗು ಶುರುವಾಗಿ, ಮರವಿಲ್ಲದ ಆ ಬಯಲಿನಿಂದ ಆಲಿಕಲ್ಲಿನ ಏಟು ತಿನ್ನುತ್ತ ಇಳಿದೆವು.