ಅಟ್ಟದಿಂದ ಇಳಿದ ವೀ

ಅಕ್ಕ ಅಮೆರಿಕದಿಂದ ಬರುವಾಗ ತಂದಿದ್ದ ಹಳೇ ಗೇಮ್ ಕನ್ಸೋಲ್ ನಿಂಟೆಂಡೊ ವೀ ಇವತ್ತು ಅಟ್ಟದಿಂದ ಕೆಳಗಿಳೀತು. ಅಲ್ಲಿನ ಅಡಾಪ್ಟರ್, ಹಾಗಾಗಿ ನಮ್ಮ ವೋಲ್ಟೇಜ್ ಇಳಿಸೋಕೆ ಜೊತೆಗೊಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಕನ್ಸೋಲಿಗಿಂತ ಅದೇ ಭಾರ! ಹೊರಗಿನವರು ಬರೆದ ಆ್ಯಪ್‌ಗಳನ್ನ ವೀಯಲ್ಲಿ ಓಡಿಸೋ ಹೋಮ್‌ಬ್ರೂ ಚಾನೆಲ್ ಹಿಂದೆಯೇ ಹಾಕಿಟ್ಟಿದ್ದೆ. ಅಪ್ಪನ ಡಬ್ಬಾ ಟಿವಿಯಲ್ಲಿ ಅಕ್ಕನ ಮದುವೆ ವಿಡಿಯೊ ತೋರಿಸೋಣ ಅಂತ ವೀಎಂಸಿ ಅನ್ನೋ ವಿಡಿಯೊ ಪ್ಲೇಯರನ್ನ ಎಸ್‌ಡಿ ಕಾರ್ಡಿಗೆ ಹಾಕಿದರೆ, ಚಾನೆಲ್ಲಿನಲ್ಲಿ ಅದರ ಸುಳಿವೇ ಇಲ್ಲ.

ಒಂದು ಗಂಟೆ ಕಾರ್ಡ್ ಫಾರ್ಮ್ಯಾಟ್ ಮಾಡಿದ್ದೇ ಮಾಡಿದ್ದು. ಕೊನೆಗೆ ನೋಡಿದರೆ ತಪ್ಪು ನಂದೇ. ಜಿಪ್ ಬಿಚ್ಚುವಾಗ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಕೂತಿತ್ತು. ‘ಆ್ಯಪ್ಸ್’ ಒಳಗಿನ ಮೊದಲ ಫೋಲ್ಡರಿನಲ್ಲೇ ಆ್ಯಪ್ ಶುರು ಮಾಡೋ ‘ಬೂಟ್ ಡಾಟ್ ಡಿಒಎಲ್’ ಫೈಲ್ ಸಿಗಬೇಕು. ಇನ್ನೊಂದು ಮೆಟ್ಟಿಲು ಇಳಿದು ಹುಡುಕುವ ವ್ಯವಧಾನ ಚಾನೆಲ್ಲಿಗಿಲ್ಲ.

ಸರಿ, ಪ್ಲೇಯರ್ ಬಂತು. ಓಲಗ ಚೆನ್ನಾಗೇ ಕೇಳಿಸ್ತಿದೆ, ಚಿತ್ರ ಮಾತ್ರ ಭಾವನ ಕೈ ತಾಳಿಯ ಹತ್ತಿರ ಹೋದಲ್ಲೇ ಗಕ್ಕನೆ ನಿಂತಿದೆ. 2006ರ ಯಂತ್ರ, 729 ಮೆಗಾಹರ್ಟ್ಸ್ ಪ್ರೊಸೆಸರ್, ಹೊರಗೆ ಕೊಡೋದು ಹೆಚ್ಚೆಂದರೆ 480ಪಿ, ಅಂದರೆ 480 ಗೆರೆಗಳ ಚಿತ್ರ. ಅದರ ಬಾಯಿಗೆ ಬಿಚ್ಚೋಕೆ ಹೆಚ್ಚು ಶಕ್ತಿ ಬೇಡುವ 1080ಪಿ ಎಚ್.264 ಫೈಲ್ ತುರುಕಿದ್ದೆ ನಾನು. ಲ್ಯಾಪ್‌ಟಾಪಿನಲ್ಲಿ 480ಕ್ಕೆ ಇಳಿಸಿ ಎಕ್ಸ್‌ವಿಡ್ ಅನ್ನೋ ಹಗುರ ಫಾರ್ಮ್ಯಾಟಿಗೆ ಬದಲಿಸಿದ ಮೇಲೆ ಎಲ್ಲೂ ತಡವರಿಸದೆ ಓಡಿತು.

ಫೋನಾದರೆ ಇದ್ಯಾವುದನ್ನೂ ಕೇಳದೆ ಆಡಿಸುತ್ತೆ, ನಿಜ. ಆದರೆ ಮೂರು ವರ್ಷದಿಂದ ಎಲ್ಲರ ಫೋನಿನಲ್ಲೂ ಬಿದ್ದಿದ್ದ ಈ ವಿಡಿಯೊವನ್ನ ಮನೆಯಲ್ಲಿ ಒಬ್ಬರೂ ಪೂರ್ತಿ ನೋಡಿರಲಿಲ್ಲ.

ಅಪ್ಪ ಕನ್ನಡಕ ಒರೆಸಿಕೊಂಡು ಕೂತರು. ಕೇಳಿದ್ದು ಒಂದೇ: “ಊಟದ ಪಂಕ್ತಿ ಎಷ್ಟೊತ್ತಿಗೆ ಬರುತ್ತೋ?”